ಇದಾಲಿನಾಳ ಒಂಬತ್ತು ಒಲೆ

ಲೊಜಾಂ ಬೆಟ್ಟದ ಬುಡದ ಈ ಊರಿನಲ್ಲಿ, ಹೊಳೆಯ ಸೇತುವೆ ದಾಟಿದ ಕೂಡಲೇ ಸಿಗುವ ಎರಡಂತಸ್ತಿನ ಕಲ್ಲುಮನೆ ದೋನಾ ಇದಾಲಿನಾಳದು; ದೋನಾ ಅಂದರೆ ಅಮ್ಮಾವ್ರು. ಮೇಲೆ ಆರು ಕೋಣೆ, ಕೆಳಗೆ ಊಟದ ಹಜಾರ. ಹನ್ನೊಂದು ವರ್ಷದ ಹಿಂದೆ ಅದರ ಹೊಗೆಗೂಡು ಸರಿಮಾಡಲೆಂದು ಮೂರು ದಿನಕ್ಕೆ ಬಂದವನು ನಾನು, ಅಬೀಲಿಯು, ಗಾರೆ ಕೆಲಸದವನು. ಆಗ ನನ್ನ ಸಿಟ್ಟಿಗೆ ಬೇಸತ್ತು ಹೆಂಡತಿ ಮನೆಯ ಬಾಗಿಲು ಹಾಕಿಕೊಂಡಿದ್ದಳು. ನಾಲ್ಕನೆಯ ದಿನ ನಾನು ಗಂಟು ಕಟ್ಟುತ್ತಿದ್ದಾಗ ಇದಾಲಿನಾ ಬಂದು ನನ್ನ ಹಾಸಿಗೆಗೆ ಒಗೆದ ಹೊದಿಕೆ ಹಾಸಿದಳು. "ಮೂಲೆ ಕೋಣೆ ಸೋರ್ತಾ ಇದೆ ಮೇಸ್ತ್ರಿ, ಅದನ್ನೂ ನೋಡಿ ಹೋಗು" ಅಂದಳು. ಇನ್ನೂ ನೋಡುತ್ತಲೇ ಇದ್ದೇನೆ.

ಆಕೆ ಹುಟ್ಟಿದ್ದು ಬೆಟ್ಟದ ಮೇಲಿನ ಕುರುಬರ ಕೇರಿಯಲ್ಲಿ. ಹನ್ನೆರಡನೇ ವಯಸ್ಸಿಗೆ ಕೊಯಿಂಬ್ರಾ ಪಟ್ಟಣದ ವೈದ್ಯರೊಬ್ಬರ ಮನೆಗೆ ಪಾತ್ರೆ ತಿಕ್ಕಲು ಹೋದಳು. ಆಮೇಲೆ ಇಪ್ಪತ್ತು ವರ್ಷ ಆಸ್ಪತ್ರೆಯ ಅಡುಗೆಮನೆ. ಬಸ್ಸು ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ, ಮಾಡು ಬಿದ್ದು ಒಳಗೆ ಅಂಜೂರದ ಗಿಡ ಬೆಳೆದಿದ್ದ ಈ ಮನೆಯನ್ನು ಕೊಂಡಳು. ಊರವರು ನಕ್ಕರಂತೆ. ಆಕೆ ಗಿಡವನ್ನು ಬೇರು ಸಮೇತ ಕಿತ್ತು ಹಿತ್ತಲಲ್ಲಿ ನೆಟ್ಟಳು, ಮಾಡು ಹೊದಿಸಿದಳು, ಬಾಗಿಲ ಮೇಲೆ ಊಟ-ವಸತಿಯ ಹಲಗೆ ಹೊಡೆದಳು. ಸೂಪು ಕುಡಿಯದೆ ಯಾರೂ ಮೇಜು ಬಿಟ್ಟು ಏಳುವಂತಿಲ್ಲ ಎನ್ನುವುದು ಇಲ್ಲಿಯ ಕಾನೂನು. ಲಿಸ್ಬನ್ನಿನಿಂದ ಬಂದ ಒಬ್ಬ ದೊಡ್ಡ ಮನುಷ್ಯ, "ನನಗೆ ಸೂಪು ಸೇರಲ್ಲ" ಅಂದ. "ಹಾಗಾದ್ರೆ ಕೋಣೆ ಬೀಗದ ಕೈ ಕೊಡಿ" ಎಂದು ಈಕೆ ಕೈ ಚಾಚಿದಳು. ಕುಡಿದ. ಮರುವರ್ಷ ಹೆಂಡತಿಯನ್ನೂ ಕರೆದುಕೊಂಡು ಬಂದ.

ಆದರೆ ಚಳಿಗಾಲದಲ್ಲಿ ಇಲ್ಲಿಗೆ ಯಾರು ಬರುತ್ತಾರೆ? ಮನೆ ನಿಂತಿದ್ದುದು ಒಂದೇ ಊಟದ ಮೇಲೆ. ಡಿಸೆಂಬರಿನ ಮೊದಲ ಭಾನುವಾರ ನಮ್ಮ ಬೆಂಕಿ ಆರಿಸುವ ದಳದವರ ವಾರ್ಷಿಕ ಭೋಜನ. ಐವತ್ತೆಂಟು ಜನ. ಅವರು ತಿನ್ನುವುದು ಶನ್‌ಫಾನಾ ಮಾತ್ರ. ಮುದಿ ಹೆಣ್ಣಾಡಿನ ಮಾಂಸವನ್ನು ಕೆಂಪು ವೈನಿನಲ್ಲಿ ಮುಳುಗಿಸಿ, ಕರಿ ಮಡಕೆಗೆ ತುಂಬಿ, ರೊಟ್ಟಿ ಸುಡುವ ಮಣ್ಣೊಲೆಯಲ್ಲಿಟ್ಟು ಒಲೆಯ ಬಾಯಿ ಮೆತ್ತಿ ರಾತ್ರಿಯಿಡೀ ಬಿಡಬೇಕು. ಅಲ್ಲಿ ಉಂಡವರೇ ವರ್ಷವಿಡೀ ಮದುವೆ, ನಾಮಕರಣ ಅಂತ ಬರುವುದು. ಕಳೆದ ವರ್ಷ ದಳದ ನಾಯಕ ಕಜಿಮೀರು ಹೊರಡುವಾಗ, "ಹೆದ್ದಾರಿ ಪಕ್ಕದ ಹೊಸ ಹೋಟೆಲಿನವರೂ ಕರೀತಿದಾರೆ ದೋನಾ, ಅಲ್ಲಿ ಗ್ಯಾಸಿನ ಒಲೆ, ಹೊಗೆ ಇಲ್ಲ" ಎಂದು ಹಲ್ಲು ಕಡ್ಡಿ ಆಡಿಸಿದ್ದ. ಆ ಭಾನುವಾರ ಕೈತಪ್ಪಿದರೆ ಊಟದ ಮನೆಗೆ ಬೀಗವೇ. ಅದು ಆಕೆಗೂ ಗೊತ್ತು, ನನಗೂ ಗೊತ್ತು.

ಈ ಸಲ ಭೋಜನದ ಹಿಂದಿನ ವಾರವೇ ಒಲೆಯ ಗುಮ್ಮಟ ಕುಸಿಯಿತು. ಮಂಗಳವಾರಕ್ಕೆ ನಾನು ಹೊಸದು ಕಟ್ಟಿ ನಿಲ್ಲಿಸಿದೆ. ಹೊಸ ಒಲೆಗೆ ದ್ರಾಕ್ಷಿಬಳ್ಳಿಯ ಕಡ್ಡಿಗಳಲ್ಲಿ ಸಣ್ಣ ಉರಿ ಕೊಡಬೇಕು, ದಿನಕ್ಕೆ ಚೂರು ಚೂರೇ ಏರಿಸಬೇಕು. ಅದು ಗೊತ್ತಿದ್ದೇ ಸಣ್ಣ ಉರಿಯ ಮುಂದೆ ಕೂತಿದ್ದೆ. ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಜುಲ್ಮೀರಾ ಗೋಡೆಯ ಮೇಲಿಂದ ಕತ್ತು ಹಾಕಿದಳು.

"ಏನ್ ಮೇಸ್ತ್ರಿ, ಒಲೆ ಕಾಯಿಸ್ತಿದೀಯೋ, ಮೊಟ್ಟೆಗೆ ಕಾವು ಕೂತಿದೀಯೋ?"

"ನಿನ್ನ ಕೆಲಸ ನೋಡ್ಕೋ ಹೋಗು!"

"ನನ್ನ ಕೆಲಸ ಮುಗೀತಪ್ಪಾ. ನಿನ್ನದು ಮುಗಿಯೋದು ಈಸ್ಟರ್‌ಗೆ ಅಂತ ಊರೆಲ್ಲಾ ಹೇಳ್ತಿದಾರೆ."

ನನಗೆ ನೆತ್ತಿಗೇರಿತು. ಓಕ್ ಸೌದೆ ಒಂದು ತೆಕ್ಕೆ ತಂದು ಒಳಗೆ ಎಸೆದೆ. ಬೆಂಕಿ ಭುಗಿಲೆದ್ದಿತು. ಅರ್ಧ ಗಂಟೆಯಲ್ಲಿ ಗುಮ್ಮಟ ಟಪ್ಪೆಂದು ಸೀಳಿ, ನನ್ನ ಕಣ್ಣೆದುರೇ ಒಂದು ಪಕ್ಕ ಒಳಕ್ಕೆ ಕುಸಿಯಿತು.

ಇದಾಲಿನಾ ಕೈ ಒರೆಸಿಕೊಳ್ಳುತ್ತಾ ಬಂದಳು. ಒಳಗೆ ಬಗ್ಗಿ ನೋಡಿದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ.

"ಮಾಂಸ ವೈನಿನಲ್ಲಿ ನೆನೀತಾ ಇದೆ, ಹಿಂದಕ್ಕೆ ಕಳಿಸೋಕಾಗಲ್ಲ. ಒಂಬತ್ತು ಮಡಕೆ. ಈ ಊರಲ್ಲಿ ಹಿತ್ತಲೊಲೆ ಎಷ್ಟಿವೆ?" ಎಂದಳು.

"ಇದ್ದಾವು ಹದಿನೈದು. ಯಾರು ಹಚ್ತಾರೆ ಈಗ? ರೊಟ್ಟಿ ವ್ಯಾನಲ್ಲಿ ಬರುತ್ತೆ."

"ನಾಳೆ ಹಚ್ತಾರೆ" ಎಂದು ಶಾಲು ಹೊದ್ದಳು.

ಮಧ್ಯಾಹ್ನದೊಳಗೆ ಎಂಟು ಮನೆ ಒಪ್ಪಿಸಿ ಬಂದಳು. ಒಂಬತ್ತನೆಯದಕ್ಕೆ ಎಲ್ಲೆಲ್ಲೋ ಅಲೆದಳು. ಕೆಲವು ಒಲೆಗಳಲ್ಲಿ ಕೋಳಿ ಮಲಗುತ್ತಿದ್ದವು, ಒಂದರೊಳಗೆ ಆಲೂಗಡ್ಡೆ ತುಂಬಿತ್ತು. ಉಳಿದದ್ದು ಜುಲ್ಮೀರಾಳದೊಂದೇ. ಬಟ್ಟೆ ಒಣಗಿಸುವ ಹಗ್ಗದ ಜಗಳಕ್ಕೆ ಇಬ್ಬರೂ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಇದಾಲಿನಾ ನೇರ ಹೋಗಿ ಅವಳ ಬಾಗಿಲು ತಟ್ಟಿದಳು. ನಾನು ಹಿಂದೆ ನಿಂತಿದ್ದೆ.

"ನಿನ್ನ ಒಲೆ ಬೇಕು" ಎಂದಳು, ನಮಸ್ಕಾರ ಕೂಡ ಇಲ್ಲದೆ.

"ಓಹೋ! ನಾನಿನ್ನೂ ಬದುಕಿದೀನಿ ಅಂತ ಯಾರು ಹೇಳಿದ್ರು?"

"ಗೋಡೆ ಮೇಲೆ ದಿನಾ ಕಾಣ್ತೀಯಲ್ಲ. ಕೊಡ್ತೀಯೋ ಇಲ್ವೋ?"

"ಕೊಡ್ತೀನಿ. ಏನೇನು ಹಾಕಿದೀಯಾ ಅಂತ ನೋಡ್ಬೇಕು ಮಾತ್ರ."

"ನೋಡೋ ಹಾಗಿಲ್ಲ. ಮುಚ್ಚಳಕ್ಕೆ ಹಿಟ್ಟು ಮೆತ್ತಿ ಕೊಡ್ತೀನಿ. ಭಾನುವಾರ ನಾನೇ ಬಿಚ್ಚೋದು."

"ನನ್ನ ಒಲೆಯೊಳಗಿರೋದನ್ನ ನಾನು ನೋಡ್ಬಾರ್ದಾ?"

"ಬಾರ್ದು."

ಜುಲ್ಮೀರಾ ಸೌದೆ ಒಟ್ಟಲು ಹೋದಳು.

ಶನಿವಾರ ಮಡಕೆ ತುಂಬುವಾಗ ಇದಾಲಿನಾ ಉಪ್ಪನ್ನು ಎಂದಿನ ಅರ್ಧದಷ್ಟೇ ಹಾಕಿದಳು. ನಾನು ಕೇಳಿದೆ. "ಈ ಊರಿನಲ್ಲಿ ಒಬ್ಬಳು ಅಟ್ಟ ಅಡುಗೆಗೆ ಇನ್ನೊಬ್ಬಳು ಉಪ್ಪು ಹಾಕದೇ ಇದ್ದದ್ದು ನೀನು ನೋಡಿದೀಯಾ?" ಎಂದಳು. "ಮತ್ತೆ ಹಿಟ್ಟು ಯಾಕೆ ಮೆತ್ತೋದು?" ಎಂದು ನಾನು ರೇಗಿದೆ. "ಮೆತ್ತದೇ ಇದ್ರೆ ಎರಡೆರಡು ಸಲ ಹಾಕ್ತಾರೆ."

ಭಾನುವಾರ ಬೆಳಿಗ್ಗೆ ಕೈಗಾಡಿಯಲ್ಲಿ ಒಂಬತ್ತು ಮಡಕೆಗಳನ್ನೂ ತಂದೆ. ನೋಡುತ್ತೇನೆ, ಐದರ ಮುಚ್ಚಳದ ಸುತ್ತ ಬೇರೆಯೇ ಹಿಟ್ಟು! ಆಕೆ ಮೆತ್ತಿದ್ದು ಗೋಧಿಯದು. ಇದು ಮೆಕ್ಕೆಜೋಳದ ಹಳದಿ ಹಿಟ್ಟು. ತಿಕ್ಕಿ ನಯ ಮಾಡಿ, ಬೆರಳಚ್ಚು ಕೂಡ ಕಾಣದಂತೆ ಮುಚ್ಚಿದ್ದರು, ಕಳ್ಳಿಯರು. ಹೋಗಿ ಐದು ಮನೆಯಲ್ಲೂ ರಂಪ ಮಾಡಿ ಬರುತ್ತೇನೆಂದು ಹೊರಟೆ.

"ಚಮಚ ಕೊಡು, ಬಾಯಿ ಮುಚ್ಕೋ" ಎಂದಳು ಇದಾಲಿನಾ.

ಆಕೆ ಒಂದೊಂದೇ ಬಿಚ್ಚಿ ರುಚಿ ನೋಡಿದಳು. ಐದು ಮಡಕೆ ಬರೀ ಉಪ್ಪು. ಅದರಲ್ಲಿ ಒಂದರಲ್ಲಿ ಯಾರೋ ಹಂದಿ ಕೊಬ್ಬಿನ ತುಂಡು ಕೂಡ ಇಳಿಸಿದ್ದರು. ಉಳಿದ ನಾಲ್ಕು ಸಪ್ಪೆ. ಆ ನಾಲ್ಕರಲ್ಲಿ ಜುಲ್ಮೀರಾಳದೂ ಒಂದು. ಮುದ್ರೆ ಒಡೆದಿರಲಿಲ್ಲ. ಸ್ವತಃ ಜುಲ್ಮೀರಾಳೇ ಆಗಲೇ ಬಾಗಿಲಲ್ಲಿ ನಿಂತಿದ್ದಳು, ಏಪ್ರನ್ ಕಟ್ಟಿಕೊಂಡು.

"ನೀನು ಯಾಕೆ ಬಿಚ್ಚಲಿಲ್ಲ?" ಎಂದು ನಾನು ಕೇಳಿಯೇಬಿಟ್ಟೆ.

"ಈಕೆ ಅಡುಗೆ ಹಾಳಾದ್ರೆ ಈಕೆ ಕೈಯಿಂದಲೇ ಆಗ್ಲಿ. ನನ್ನ ಹೆಸರು ಯಾಕೆ ಬರ್ಬೇಕು?"

ಇದಾಲಿನಾ ಅವಳ ಕೈಗೆ ಒಂದು ಸೌಟು ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ಉಪ್ಪಿನ ಮಡಕೆಯ ರಸವನ್ನು ಸಪ್ಪೆಯದಕ್ಕೆ, ಸಪ್ಪೆಯದನ್ನು ಉಪ್ಪಿನದಕ್ಕೆ ಹುಯ್ಯತೊಡಗಿದರು. ಸುರಿಯುವುದು, ನೆಕ್ಕುವುದು, ತಲೆಯಾಡಿಸುವುದು. ನಾನು ಅಡುಗೆಮನೆಯ ಬೆಂಕಿ ಊದಿ ಮಡಕೆಗಳನ್ನು ಬಿಸಿಯಾಗಿಟ್ಟೆ. ಒಂಬತ್ತೂ ಒಂದೇ ರುಚಿಗೆ ಬರಲಿಲ್ಲ. ಅಷ್ಟರಲ್ಲಿ ಇಗರ್ಜಿಯ ಗಂಟೆ ಹನ್ನೆರಡು ಹೊಡೆಯಿತು, ಬೂಟುಗಳ ಸದ್ದು ಬಂತು.

ಸೂಪು ಮುಗಿದು ಮಡಕೆಗಳು ಮೇಜಿಗೆ ಹೋದವು. ಕಜಿಮೀರು ಎರಡು ತುತ್ತು ಉಂಡು ಫೋರ್ಕ್ ಕೆಳಗಿಟ್ಟ.

"ದೋನಾ, ಇದು ಎಂದಿನ ಹಾಗಿಲ್ವಲ್ಲ?"

ನಾನು ಆಕೆಯ ಏಪ್ರನ್ ಜಗ್ಗಿ, "ಒಲೆ ಹೊಸದು ಅಂದ್ಬಿಡಿ" ಎಂದೆ. ಆಕೆ ನನ್ನ ಕೈ ಕೊಡವಿ ಮುಂದೆ ಹೋದಳು.

"ಇಲ್ಲ, ಎಂದಿನ ಹಾಗಿಲ್ಲ. ನನ್ನ ಒಲೆ ಬಿದ್ದುಹೋಯ್ತು. ಇದು ನಿಮ್ಮ ನಿಮ್ಮ ಮನೆಯ ಒಲೆಗಳಲ್ಲಿ ಬೆಂದಿದ್ದು, ಒಂಬತ್ತು ಮನೆ. ಕೆಲವರು ಉಪ್ಪು ಹಾಕಿದಾರೆ. ಯಾರು ಅಂತ ನಾನು ಹೇಳಲ್ಲ."

ಕೊನೆಯ ಮೇಜಿನಿಂದ ಒಬ್ಬ, "ಈ ಕೊಬ್ಬಿನ ತುಂಡು ನಮ್ಮಮ್ಮಂದೇ, ಆಣೆ!" ಎಂದು ಕೂಗಿದ. ಶುರುವಾಯಿತು. ಮಡಕೆ ಮಡಕೆಗೂ ಕೈ ಹೋಯಿತು. ಇದು ನಮ್ಮ ಮನೆಯದು, ಅಲ್ಲ ನಿಮ್ಮದು ಹೀಗಿರಲ್ಲ, ನಿಮ್ಮತ್ತೆಗೆ ಉಪ್ಪಿನ ಅಳತೆ ಯಾವಾಗ ಗೊತ್ತಿತ್ತು ಎಂದು ಕಚ್ಚಾಡಿಕೊಂಡು ಒಂಬತ್ತನ್ನೂ ರೊಟ್ಟಿಯಿಂದ ಒರೆಸಿ ತಿಂದರು. ಜುಲ್ಮೀರಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಬ್ಬೊಬ್ಬರ ಹೆಸರು ಬಂದಾಗೆಲ್ಲ ಮೂಗು ಮುರಿಯುತ್ತಿದ್ದಳು.

ಕಜಿಮೀರು ಮಾತ್ರ ನಗಲಿಲ್ಲ. ವೈನು ಮುಗಿಸಿ ಮೀಸೆ ಒರೆಸಿಕೊಂಡ.

"ನಮ್ಮವರು ಉಂಡಿದಾರೆ ನಿಜ. ಹೋಟೆಲಿನವರ ಒಲೆ ಬೀಳಲ್ಲ ದೋನಾ."

"ಬೀಳಲ್ಲ. ಬಿದ್ರೆ ಅವರಿಗೆ ಯಾರು ಒಲೆ ಹಚ್ಚಿಕೊಡ್ತಾರೆ?" ಎಂದು ಆಕೆ ಅವನ ತಟ್ಟೆ ಎತ್ತಿಕೊಂಡಳು. "ಮುಂದಿನ ವರ್ಷ ಇದೇ ಭಾನುವಾರ. ಬರ್ತೀರೋ ಇಲ್ವೋ, ಈಗಲೇ ಹೇಳಿ. ಮುದಿ ಆಡು ಕೊನೇ ಗಳಿಗೆಯಲ್ಲಿ ಸಿಗಲ್ಲ."

ಕಜಿಮೀರು ತನ್ನ ಜನರ ಕಡೆ ತಿರುಗಿದ. ಅವರಾಗಲೇ ಅವನನ್ನೇ ನೋಡುತ್ತಿದ್ದರು, ಒಬ್ಬನ ಬಾಯಲ್ಲಿ ಇನ್ನೂ ರೊಟ್ಟಿಯಿತ್ತು.

"ಬರ್ತೀವಿ. ಅರವತ್ತು ಅಂತ ಇಟ್ಕೊಳ್ಳಿ" ಎಂದ.

ಆಕೆ ತಟ್ಟೆಗಳನ್ನು ತೋಳಿನ ಮೇಲೆ ಪೇರಿಸಿಕೊಂಡೇ, ಮೂರನೆಯ ಮೇಜಿನಲ್ಲಿ ಕೂತಿದ್ದ ಆಡು ಮೇಯಿಸುವವನ ಕಡೆ ತಿರುಗಿ, "ಕೇಳಿಸ್ತಲ್ಲ? ಏಳು ಆಡು, ಮರಿ ಹಾಕೋದು ನಿಲ್ಲಿಸಿದವು. ಈಗಲೇ ಗುರುತು ಹಾಕಿಡು" ಎಂದು ಹೇಳಿ ಒಳಗೆ ಹೋದಳು.