ನಡಾವಳಿ ಪುಸ್ತಕದ ಹಳದಿ ಚೂರು

ಮೇಷ್ಟ್ರ ಪಂಚೆಯ ಅಂಚಿನಲ್ಲಿ ಯಾವಾಗಲೂ ಒಂದು ಚೌಕದ ಕಿಂಡಿ ಇರುತ್ತಿತ್ತು. ಹರಿದದ್ದಲ್ಲ, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಉಡುವಾಗ ಒಳಮಡಿಕೆಗೆ ಸೇರಿಸಿರುತ್ತಿದ್ದರು, ಕುರ್ಚಿಯಲ್ಲಿ ಕೂತ ಕೂಡಲೇ ಅದು ಹೊರಗೆ ಇಣುಕುತ್ತಿತ್ತು. ಉಳಿದ ಡೈರೆಕ್ಟರುಗಳೆಲ್ಲ ಸೂಟು, ಟೈ. ಇವರೊಬ್ಬರು ಮಾತ್ರ ಒರಟು ಖಾದಿ ಪಂಚೆ, ಮಾಸಲು ಬಣ್ಣದ ಕೋಟು. ಮೊದಲ ಸಲ ನೋಡಿದಾಗ, ಪಾಪ, ಇಲಿ ಕಡಿದಿರಬೇಕು ಎಂದುಕೊಂಡು ಒಳಗೊಳಗೇ ನಕ್ಕಿದ್ದೆ. ಆ ನಗುವಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅದು ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಸೈಕಲ್ ಹ್ಯಾಂಡಲ್‌ಗಳಿಗೆ ಕ್ರೋಮ್ ಲೇಪ ಹಾಕುತ್ತಿದ್ದ ಒಂದು ಸಣ್ಣ ಕಂಪನಿಯಲ್ಲಿ ನಾನು ಸ್ಟೆನೋ. ಮೂರು ತಿಂಗಳಿಗೊಮ್ಮೆ ನಡೆಯುವ ಬೋರ್ಡ್ ಮೀಟಿಂಗಿನ ಮಾತುಗಳನ್ನು ಬರೆದುಕೊಂಡು, ಟೈಪ್ ಮಾಡಿ, ದಪ್ಪ ನಡಾವಳಿ ಪುಸ್ತಕಕ್ಕೆ ಅಂಟಿಸುವುದು ನನ್ನ ಕೆಲಸವಾಗಿತ್ತು. ಮೇಷ್ಟ್ರು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ನಮ್ಮ ಚೇರ್ಮನ್ ಈ ಮೇಷ್ಟ್ರ ಹಳೆಯ ಶಿಷ್ಯ. ಬೋರ್ಡಿನಲ್ಲಿ ಒಬ್ಬ ಹಿರಿಯರ ಹೆಸರಿರಲಿ ಎಂದು ಕರೆದುಕೊಂಡು ಬಂದಿದ್ದರು. ಬಂದು, ಕಾಫಿ ಕುಡಿದು, ಸಹಿ ಹಾಕಿ ಹೋಗುತ್ತಾರೆ ಅಂದುಕೊಂಡಿದ್ದರೇನೋ.

ಮೇಷ್ಟ್ರು ಮೀಟಿಂಗಿಗೆ ಒಂದು ಗಂಟೆ ಮುಂಚೆಯೇ ಬರುತ್ತಿದ್ದರು. ನೇರವಾಗಿ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿಗೆ ಹೋಗಿ, ತೊಟ್ಟಿಗಳ ಹತ್ತಿರ ನಿಂತವರಿಗೆಲ್ಲ “ಕೈ ತೋರ್ಸಪ್ಪ” ಅನ್ನುತ್ತಿದ್ದರು. ಕ್ರೋಮಿನ ಆಮ್ಲ ತಗುಲಿ ತಗುಲಿ ಬೆರಳಿನ ಗೆಣ್ಣುಗಳಲ್ಲಿ ಸಣ್ಣ ಸಣ್ಣ ಹುಣ್ಣುಗಳಾಗುತ್ತಿದ್ದವು. ಎಷ್ಟು ಕೈಯಲ್ಲಿ ಹುಣ್ಣಿದೆ ಎಂದು ಮೀಟಿಂಗಿನಲ್ಲಿ ಮೊದಲು ಅವರು ಹೇಳಬೇಕು. ಆಮೇಲೆ ಉಳಿದವರು ಎಷ್ಟು ಹ್ಯಾಂಡಲ್ ತಯಾರಾಯಿತು ಎಂದು ಹೇಳಬಹುದು. “ನಾವಿಲ್ಲಿ ಫ್ಯಾನ್ ಕೆಳಗೆ ಕೂತಿದೀವಿ. ಅಳತೆ ಅಲ್ಲಿಂದ ಬರ್ಬೇಕು” ಅನ್ನುತ್ತಿದ್ದರು.

ಪಂಚೆಯ ಕಿಂಡಿಯ ಗುಟ್ಟು ಎರಡನೇ ಮೀಟಿಂಗಿನಲ್ಲಿ ತಿಳಿಯಿತು. ಕಾರ್ಖಾನೆಯ ಕೊಳೆನೀರು ಹಿಂದಿನ ಮೋರಿಗೆ ಹೋಗುತ್ತಿತ್ತು. ಮೋರಿಯ ಪಕ್ಕದಲ್ಲೇ ಒಂದು ಸೊಪ್ಪಿನ ತೋಟ, ತೋಟದಲ್ಲಿ ಬಾವಿ. ಮೇಷ್ಟ್ರು ಪ್ರತಿ ಮೀಟಿಂಗಿಗೂ ಮುಂಚೆ ಪಂಚೆಯಿಂದ ಕತ್ತರಿಸಿದ ಚೂರನ್ನು ತೋಟದ ಹೆಂಗಸಿನ ಕೈಗೆ ಕೊಟ್ಟು ಬರುತ್ತಿದ್ದರು. ಆಕೆ ಒಂದು ವಾರ ದಿನಾ ಅದನ್ನು ಬಾವಿಯ ನೀರಿನಲ್ಲಿ ಅದ್ದಿ ಒಣಗಿಸಬೇಕು. ನೀರಿಗೆ ಕ್ರೋಮ್ ಸೇರಿದ್ದರೆ ಬಟ್ಟೆ ಹಳದಿಗೆ ತಿರುಗುತ್ತದೆ. ಆ ಚೂರನ್ನು ಮೇಷ್ಟ್ರು ಬೋರ್ಡಿನ ಮೇಜಿನ ಮೇಲಿಡುತ್ತಿದ್ದರು, ನಾನು ನಡಾವಳಿಯ ಪುಟಕ್ಕೆ ಅಂಟಿಸುತ್ತಿದ್ದೆ. ಪುಟ ತಿರುವುತ್ತಾ ಹೋದರೆ ಬಿಳಿ ಹೋಗಿ ಹಳದಿ ಬರುವುದು ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಒಂದು ಸಲ ಚೂರು ಅರಿಶಿನ ಹಚ್ಚಿದ ಹಾಗೆ ಬಂತು. ಅದನ್ನು ತರಲು ಹೋದಾಗ ನಾನೂ ಜೊತೆಗಿದ್ದೆ. “ಅನ್ನಾನೂ ಹಳ್ದಿ ಆಯ್ತದೆ ಸಾಮಿ. ಮಗೀಗೆ ಅದೇ ನೀರ್ ಕುಡುಸ್ತಾ ಇವ್ನಿ, ಇನ್ನೇನ್ ಮಾಡ್ಲಿ?” ಅಂದಳು ಆಕೆ. ಮೇಷ್ಟ್ರು ಚೂರನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ಕನ್ನಡಕ ಒರೆಸಿಕೊಳ್ಳುತ್ತಾ ಬಂದರು.

ಕೊಳೆನೀರನ್ನು ಶುದ್ಧ ಮಾಡಿ ಬಿಡಲು ಒಂದು ತೊಟ್ಟಿ ಕಟ್ಟಬೇಕು, ಅಲ್ಲಿಯವರೆಗೆ ಪ್ಲೇಟಿಂಗ್ ನಿಲ್ಲಿಸಬೇಕು ಎಂದು ಆ ಮೀಟಿಂಗಿನಲ್ಲಿ ಹಟ ಹಿಡಿದರು. ಚೇರ್ಮನ್‌ಗೆ ಕೆಲಸ ನಿಲ್ಲಿಸುವುದು ಬೇಡ. ಮದ್ರಾಸಿನ ಇಬ್ಬರು ಡೈರೆಕ್ಟರುಗಳು ಆ ದಿನ ಬಂದಿರಲಿಲ್ಲ. ಮುಂದಿನ ಸಲ ಅವರು ಪುಸ್ತಕ ನೋಡಿ ಮತ ಹಾಕಲಿ ಎಂದು ತೀರ್ಮಾನವಾಯಿತು.

ಮಾರನೆಯ ದಿನ ಚೇರ್ಮನ್ ನನ್ನನ್ನು ಒಳಗೆ ಕರೆದರು. “ನೋಡಮ್ಮ, ಆ ಹಳದಿ ಬೇಡ. ಬೆಳ್ಳಗಿರೋದೊಂದು ಅಂಟಿಸ್ಬಿಡು. ಮೇಷ್ಟ್ರಿಗೆ ವಯಸ್ಸಾಯ್ತು, ಗೊತ್ತಾಗಲ್ಲ” ಅಂದರು. ಮನೆಯಲ್ಲಿ ದುಡಿಯುತ್ತಿದ್ದವಳು ನಾನೊಬ್ಬಳೇ. ಹೂಂ ಅಂದೆ. ನನ್ನ ಕರ್ಚೀಫಿನಿಂದ ಒಂದು ಚೌಕ ಕತ್ತರಿಸುವಾಗ ಅಂಚು ಸೊಟ್ಟಗಾಯಿತು. ಹಾಗೇ ಅಂಟಿಸಿದೆ. ಹಳದಿ ಚೂರನ್ನು ಎಸೆಯಲು ಮಾತ್ರ ಮನಸ್ಸು ಬರಲಿಲ್ಲ, ಡ್ರಾಯರಿನಲ್ಲಿ ಇಟ್ಟುಕೊಂಡೆ. ಮೂರು ತಿಂಗಳು ಆ ಡ್ರಾಯರ್ ತೆಗೆದಾಗಲೆಲ್ಲ ಆ ಮಗುವಿನ ನೆನಪಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಮುಂದಿನ ಮೀಟಿಂಗಿಗೆ ಮದ್ರಾಸಿನವರು ಬಂದರು. ಪುಸ್ತಕ ಕೈಯಿಂದ ಕೈಗೆ ಹೋಗಿ ಮೇಷ್ಟ್ರ ಮುಂದೆ ನಿಂತಿತು. ಅವರು ಚೂರಿನ ಮೇಲೆ ಹೆಬ್ಬೆರಳು ಆಡಿಸಿದರು, ಇನ್ನೊಂದು ಸಲ ಆಡಿಸಿದರು.

“ಇದು ಮಿಲ್ ಬಟ್ಟೆ. ನನ್ನ ಪಂಚೆ ಇಷ್ಟು ನುಣುಪಿಲ್ಲ.”

ಚೇರ್ಮನ್ ತಿರುಗಿ ನನ್ನನ್ನು ನೋಡಿದರು. “ಏನಮ್ಮ ಇದು?” ಅಂದರು, ತಮಗೇನೂ ಗೊತ್ತೇ ಇಲ್ಲದವರ ಹಾಗೆ. ಕೆಲಸ ಹೋಯಿತು ಅಂದುಕೊಂಡೆ.

“ಆ ಹುಡುಗೀನ ಕೇಳ್ಬೇಡಿ” ಅಂದರು ಮೇಷ್ಟ್ರು. ದನಿ ಏರಿಸಲಿಲ್ಲ. “ಕೆಳಗೆ ಸಹಿ ಹಾಕೋರು ನಾವು. ಪುಸ್ತಕ ಬೋರ್ಡಿಂದು, ತಪ್ಪೂ ಬೋರ್ಡಿಂದೇ. ಹೋದ ಸಲ ನಾನೇ ಕೂತು ಅಂಟಿಸ್ಬೇಕಾಗಿತ್ತು. ಅಂಟಿಸ್ಲಿಲ್ಲ.”

ನನ್ನ ತಪ್ಪನ್ನು ತಮ್ಮ ಮೇಲೆ ಎಳೆದುಕೊಂಡು ಕೂತಿದ್ದ ಆ ಮುಖ ನೋಡಲಾಗಲಿಲ್ಲ. ಎದ್ದುಹೋಗಿ, ಡ್ರಾಯರಿನಿಂದ ಹಳದಿ ಚೂರು ತಂದು ಅವರ ಮುಂದಿಟ್ಟೆ. ಬಿಳಿ ಚೂರನ್ನು ಕೀಳಲು ಹೋದಾಗ ಮೇಷ್ಟ್ರು ತಡೆದರು.

“ಅದೂ ಇರ್ಲಮ್ಮ. ಪಕ್ಕದಲ್ಲೇ ಇದನ್ನ ಅಂಟಿಸು. ನಾವು ಏನ್ ಮಾಡಿದ್ವಿ ಅಂತ ಮುಂದೆ ಓದೋರಿಗೆ ಗೊತ್ತಾಗ್ಬೇಕಲ್ಲ.”

ಮದ್ರಾಸಿನವರು ಎರಡು ಚೂರನ್ನೂ ನೋಡಿ, ಮೇಷ್ಟ್ರ ಕಡೆಗೇ ಮತ ಹಾಕಿದರು. ಪ್ಲೇಟಿಂಗ್ ನಿಂತಿತು, ತೊಟ್ಟಿ ಕಟ್ಟಿದರು, ಶೆಡ್ಡಿನವರಿಗೆ ರಬ್ಬರ್ ಗ್ಲೌಸು ಬಂದವು. ತೋಟಕ್ಕೊಂದು ನಲ್ಲಿಯನ್ನೂ ಹಾಕಿಸಿಕೊಟ್ಟರು. ನನ್ನ ಕೆಲಸ ಉಳಿಯಿತು. ಚೇರ್ಮನ್ ಒಂದೆರಡು ವರ್ಷ ನನ್ನ ಮುಖ ನೋಡಿ ಮಾತಾಡಲಿಲ್ಲ, ಅದೇನೂ ದೊಡ್ಡ ಕಷ್ಟವಾಗಲಿಲ್ಲ. ಬಾವಿ ಮಾತ್ರ ಮೇಷ್ಟ್ರು ಇರುವವರೆಗೂ ಪೂರ್ತಿ ತಿಳಿಯಾಗಲಿಲ್ಲ. “ಕೆಡಿಸೋಕೆ ಎಷ್ಟು ಬೇಗ ಆಯ್ತು ನೋಡು” ಎಂದು ಒಮ್ಮೆ ಹೇಳಿದ್ದರು, ತಮಗೇ ಹೇಳಿಕೊಂಡ ಹಾಗೆ.

ಅವರು ತೀರಿಕೊಂಡದ್ದು ಒಂದು ಮೀಟಿಂಗಿಗೆ ಐದು ದಿನ ಇರುವಾಗ. ವಿಜಯನಗರದ ಅವರ ಮನೆಗೆ ನಾನು ಹೋದಾಗ, ತೋಟದ ಹೆಂಗಸು ಗೇಟಿನ ಪಕ್ಕ ನಿಂತಿದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಚೂರು ತೆಗೆದಳು. ತೆಳು ಹಳದಿ.

“ನೆನ್ನೆಗೆ ಏಳ್ ದಿನ ಆಯ್ತು ಕಣವ್ವ. ಇದ್ನ ಈಗ ಯಾರ್ ಕೈಗ್ ಕೊಡ್ಲಿ?”

“ನನಗೆ ಕೊಡಿ” ಅಂದೆ.

ಜಗಲಿಯ ಮೇಲೆ ಕೂತಿದ್ದ ಮೇಷ್ಟ್ರ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದರು. ಎದ್ದು ಒಳಗೆ ಹೋಗಿ, ಕಿಂಡಿಗಳಿದ್ದ ಒಂದು ಖಾದಿ ಪಂಚೆಯನ್ನೂ ಕತ್ತರಿಯನ್ನೂ ತಂದು ನನ್ನ ಕೈಯಲ್ಲಿಟ್ಟರು. ಅಲ್ಲೇ ಕೂತು, ಆ ಹೆಂಗಸಿಗೆ ಮುಂದಿನ ಸಲಕ್ಕೆ ಒಂದು ಚೌಕ ಕತ್ತರಿಸಿಕೊಟ್ಟೆ. ಕಣ್ಣು ಮಂಜಾಗಿತ್ತು. ಆದರೆ ಅಂಚು ಸೊಟ್ಟಗಾಗಲಿಲ್ಲ.