ಜೆದ್ದಾದಿಂದ ಐದೂವರೆ ಗಂಟೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿ ನನ್ನದು. ದಿನವಿಡೀ ದೂರ, ಟೈಮು, ಇವೇ ಮಾತು. ದೆವ್ವ ಭೂತಕ್ಕೆ ಪುರುಸೊತ್ತೆಲ್ಲಿ? ಆದರೆ ಮೂರು ವರ್ಷದ ಹಿಂದೆ ಹಾಡಹಗಲಲ್ಲೇ ನಡೆದದ್ದನ್ನು ನಿಮ್ಮ ಮುಂದಿಡುತ್ತೇನೆ. ನಗುವುದಾದರೆ ನಗಿ.

ಮೊದಲು ನನ್ನದೊಂದು ಚಾಳಿ ಹೇಳಬೇಕು. ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳಿದವರಿಗೆ ವಿಮಾನ ಗಾಳಿಯಲ್ಲಿರುವ ಹೊತ್ತನ್ನಷ್ಟೇ ಹೇಳುತ್ತಿದ್ದೆ. ಏರ್‌ಪೋರ್ಟಿನ ಸಾಲು, ಲಗೇಜು, ದೇವನಹಳ್ಳಿಯಿಂದ ಇಲ್ಲಿಯವರೆಗಿನ ಟ್ರಾಫಿಕ್ಕು ಎಲ್ಲ ಸೇರಿಸಿದರೆ ಗಿರಾಕಿಯ ಮುಖ ಬಾಡುತ್ತದೆ.

ರೇಷ್ಮೆ ನೂಲು ತೆಗೆಯುವ ಬಷೀರ್ ಸಾಬರು ನಮ್ಮ ಬೀದಿಯವರು. ಅವರ ತಮ್ಮ ನಯಾಜ್ ಜೆದ್ದಾದಲ್ಲಿ ಡ್ರೈವರ್. ತಾಯಿ ತೀರಿಕೊಂಡಾಗ, ನಾಳೆ ಬೆಳಿಗ್ಗೆ ಬಂದುಬಿಡುತ್ತೇನೆ, ತಡೆಯಿರಿ ಎಂದು ನಯಾಜ್ ಫೋನಿನಲ್ಲಿ ಅತ್ತಿದ್ದ. ಮಯ್ಯತ್ತನ್ನು ಕಾಯಿಸಬಾರದೆಂದು ಸಾಬರು ಅಂದೇ ಸಂಜೆ ಮಣ್ಣು ಮಾಡಿಸಿದರು. ಅಲ್ಲಿಂದ ಎಂಟು ವರ್ಷ ತಮ್ಮ ಮಾತು ಬಿಟ್ಟ. ಈಗ ಆಸ್ಪತ್ರೆಯವರು ಕೈಚೆಲ್ಲಿ ಸಾಬರನ್ನು ಮನೆಗೆ ಕಳಿಸಿದ್ದರು. ಅವರಿಗೆ ಬೇಕಿದ್ದದ್ದು ಒಂದೇ, ತಮ್ಮನ ಬಾಯಿಂದ ಮಾಫಿ. ಅದೂ ಫೋನಿನಲ್ಲಲ್ಲ, ಎದುರಿಗೆ. ನಯಾಜ್ ಒಪ್ಪಿದ. ಟಿಕೆಟ್ ನಾನೇ ಮಾಡಿದೆ.

ಬೆಳಿಗ್ಗೆ ನಮ್ಮ ಟೈಮು ಒಂಬತ್ತಕ್ಕೆ ಅಲ್ಲಿ ವಿಮಾನ ಏರುತ್ತಿದ್ದಂತೆ ಸುದ್ದಿ ಹೇಳಲು ಸಾಬರ ಮನೆಗೆ ಹೋದೆ.

"ಎಷ್ಟೊತ್ತು ಹಿಡೀತದೆ ಸ್ವಾಮಿ?" ಎಂದರು.

"ನಾಲ್ಕು ಸಾವಿರ ಕಿಲೋಮೀಟ್ರು ಐತೆ ಸಾಬ್ರೇ. ಆದ್ರೂ ಐದೂವರೆ ಗಂಟೆ, ಅಷ್ಟೇಯ."

ಸಾಬರು ಮಲಗಿದಲ್ಲಿಂದಲೇ ನನ್ನ ಕಡೆ ಮುಖ ತಿರುಗಿಸಿದರು.

"ಅಷ್ಟೇನಾ? ಅಷ್ಟೊತ್ತು ಅಮ್ಮೀನ ಮಣ್ಣು ಮಾಡ್ದೆ ಮಡಿಕೊಳ್ಳಕ್ಕಾಗ್ಲಿಲ್ವಲ್ಲ ನನ್ ಕೈಲಿ... ಐದೂವರೆ ಗಂಟೆ ತಾನೆ, ಇರ್ತೀನಿ ಬುಡಿ."

ಅದು ಗಾಳಿಯಲ್ಲಿರುವ ಹೊತ್ತಷ್ಟೇ ಎಂದು ತಿದ್ದಿ ಹೇಳಬೇಕಿತ್ತು, ಹೇಳಲಿಲ್ಲ. ಅಷ್ಟರಲ್ಲಿ ಅವರು ಕಣ್ಣು ಮುಚ್ಚಿದ್ದರು. ಆಮೇಲೆ ಎಷ್ಟು ಕರೆದರೂ ಓಗೊಡಲಿಲ್ಲ. ಸಾಬರ ಹೆಂಡತಿ ಅವರ ಬಾಯಿಗೆ ಬಿಟ್ಟ ನೀರು ಕೆನ್ನೆ ಮೇಲೆ ಇಳಿಯಿತು. ಹನ್ನೊಂದಕ್ಕೆ ಬಂದ ಡಾಕ್ಟರು ಇನ್ನು ಒಂದು ಗಂಟೆ ಹೆಚ್ಚು ಎಂದು ಹೇಳಿ ಹೋದರು. ಉಸಿರು ಮಾತ್ರ ನಿಲ್ಲಲಿಲ್ಲ. ಆ ಕೋಣೆಯಲ್ಲಿ ಗಡಿಯಾರವಿರಲಿಲ್ಲ. ಟೈಮಿನ ಮಾತನ್ನೂ ಯಾರೂ ಆಡಲಿಲ್ಲ.

ಇದ್ದಕ್ಕಿದ್ದಂತೆ ಸಾಬರು ಕಣ್ಣು ಬಿಟ್ಟು ಬಾಗಿಲ ಕಡೆ ತಿರುಗಿದರು.

"ಬಂದ್ನಾ?" ಎಂದರು. ಮಾತು ಸ್ಪಷ್ಟವಾಗಿತ್ತು.

ಅದೇ ಗಳಿಗೆಗೆ ನನ್ನ ಫೋನಿಗೆ ನಯಾಜನ ಮೆಸೇಜು ಬಂತು. ವಿಮಾನ ಈಗ ನೆಲ ಮುಟ್ಟಿತು ಎಂದಿತ್ತು. ಟೈಮು ನೋಡಿದೆ, ಸರಿಯಾಗಿ ಎರಡೂವರೆ. ತಲೆಯೆತ್ತಿದಾಗ ಸಾಬರು ಖಾಲಿ ಬಾಗಿಲನ್ನೇ ನೋಡುತ್ತಿದ್ದರು. ಉಸಿರು ಹೋಗಿತ್ತು.

ನಯಾಜ್ ಮನೆ ಮುಟ್ಟಿದಾಗ ಆರು ದಾಟಿತ್ತು. ಈ ಸಲ ಎಲ್ಲರೂ ಕಾದಿದ್ದರು. ಅಣ್ಣನ ಕಾಲು ಹಿಡಿದುಕೊಂಡು, "ಮಾಫ್ ಮಾಡ್ದೆ ಭಾಯ್, ಮಾಫ್ ಮಾಡ್ದೆ" ಎಂದು ಕೂಗಿಕೊಂಡ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಣ್ಣು ಮುಗಿಸಿ ಬರುವಾಗ ಅವನು ಪಕ್ಕಕ್ಕೆ ಬಂದು ಕೇಳಿದ, "ನಾನು ಬರಕ್ಕೆ ಎಷ್ಟೊತ್ತು ಹಿಡೀತದೆ ಅಂತ ಹೇಳಿದ್ರಿ ಅಣ್ಣ, ಭಾಯಿಗೆ?"

"ಹತ್ತು ಗಂಟೆ ಅಂದಿದ್ದೆ ಕಣಪ್ಪ" ಎಂದುಬಿಟ್ಟೆ. ಅವನು ನಂಬಿದ.

ಕಾಕತಾಳೀಯ ಎಂದು ನೀವು ಹೇಳಬಹುದು, ನಾನೂ ಹೇಳಿಕೊಂಡು ನೋಡಿದ್ದೇನೆ. ಮೈಮೇಲೆ ಎಚ್ಚರವಿಲ್ಲದ ಮನುಷ್ಯ ಗಂಟೆ ಎಣಿಸಿದ್ದಾದರೂ ಹೇಗೆ? ನಿಜಕ್ಕೂ ಹತ್ತು ಎಂದು ಹೇಳಿದ್ದರೆ ಸಾಬರು ಹತ್ತು ಗಂಟೆ ಇರುತ್ತಿದ್ದರೇ? ನನಗೆ ಇಂದಿಗೂ ಗೊತ್ತಿಲ್ಲ.