ಟೀಚರ ಕೆಂಪು ಕಾರು

ನಮ್ಮ ನೆರೆಮನೆಯ ನಿವೃತ್ತ ಟೀಚರ ಬಳಿ ಎರಡೇ ಸೀಟಿನ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರಿತ್ತು. ಯಾವುದಕ್ಕೂ ಅವರು "ನೋಡುವ" ಎನ್ನುತ್ತಿದ್ದರು. ಒಮ್ಮೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾರ್ಮಾಡಿ ಕಡೆಗೆ ಹೋಗುವಾಗ ಮುಂಡಾಜೆಯಲ್ಲಿ ಎಂಜಿನ್ ಸಿಡಿದು ರಸ್ತೆಯಿಡೀ ಆಯಿಲ್ ಚೆಲ್ಲಿತು. ಅವರು ಇಳಿದು, ಬಿಸಿ ಕಬ್ಬಿಣದ ಚೂರುಗಳನ್ನು ಸೆರಗಿನಲ್ಲಿ ಹೆಕ್ಕಿಕೊಂಡರು.

ಲಾಯಿಲದ ಗ್ಯಾರೇಜಿನವರು ಬೇರೆ ಎಂಜಿನ್ ಕೂರಿಸುವ ಎಂದರು. "ಇದನ್ನೇ ಸರಿ ಮಾಡ್ಲಿಕ್ಕೆ ಆಗ್ತದಾ ನೋಡುವ ಮಾರಾಯ್ರೆ" ಎಂದ ಟೀಚರು ದಿನಾ ಅಲ್ಲೇ ಕೂತು, ಬಿಚ್ಚಿದ ಭಾಗಗಳನ್ನೆಲ್ಲ ತೊಳೆದು, ಬೆರಳಿನಿಂದ ಸವರಿ ನೋಡುತ್ತಿದ್ದರು.

ಕೊನೆಗೊಂದು ದಿನ ಎಂಜಿನ್ ಸ್ಟಾರ್ಟ್ ಆಯಿತು. ಟೀಚರು ಜೊತೆಗೆ ಬಂದಿದ್ದ ನನ್ನತ್ತ ತಿರುಗಿದರು.

"ಕಾರು ನೀನು ಬಿಡು. ನನಗೆ ಕಣ್ಣು ಸರಿ ಕಾಣುದಿಲ್ಲ."

"ಯಾವಾಗಿಂದ ಟೀಚರ್?"

"ಎರಡು ವರ್ಷ ಆಯ್ತು. ಆವತ್ತು ಎಂಜಿನ್ ಹೋಗದಿದ್ರೆ ಚಾರ್ಮಾಡಿ ಘಾಟಿ ಹತ್ತಿಸ್ತಿದ್ದೆ."

ನಾನು ಸ್ಟೀರಿಂಗ್ ಹಿಡಿದು ಕೂತೆ. ಅವರು ಆಗಲೇ ಪಕ್ಕದ ಸೀಟಿನಲ್ಲಿ ಕೂತು, ಸೆರಗು ಸರಿಪಡಿಸಿಕೊಳ್ಳುತ್ತಿದ್ದರು.